ಚೀಟಿಯ ಮಡಿಕೆ

ಪಂಚವಟಿ, ನಾಸಿಕ
೩ ಜುಲೈ ೧೯೭೨

ನಾಗಮ್ಮ ಅಕ್ಕನವರಿಗೆ ಶಿವರಾಯ ಮಾಡುವ ಶರಣಾರ್ಥಿಗಳು.

ಅಕ್ಷರದ ಗುರುತು ಹಿಡಿದು, ಒಡೆಯದೆ ಒಲೆಗೆ ಹಾಕಬೇಡಿರಿ. ಯಾರೂ ಸತ್ತಿಲ್ಲ. ಹನ್ನೊಂದು ವರ್ಷದಲ್ಲಿ ನಾನು ನಿಮಗೆ ಬರೆದದ್ದು ಒಂದೇ ಕಾರ್ಡು, ನಿಮ್ಮ ಯಜಮಾನರು ವೈಜನಾಥ ಮಾವ ತೀರಿಕೊಂಡಾಗ, ಅದೂ ಮೂರು ಸಾಲು. ಹೀಗಾಗಿ ನನ್ನ ಕಾಗದ ಕಂಡು ನಿಮ್ಮ ಎದೆ ಧಸಕ್ಕೆಂದಿದ್ದರೆ ತಪ್ಪು ನನ್ನದೇ.

ಇಲ್ಲಿ ಎಲ್ಲ ಕ್ಷೇಮ ಎಂದು ಬರೆದು ಆಮೇಲೆ ವಿಷಯಕ್ಕೆ ಬರುವುದು ರೂಢಿ. ಈ ಸಲ ಅದನ್ನು ಬಿಟ್ಟಿದ್ದೇನೆ. ಎರಡು ವರ್ಷದಿಂದ ನನಗೆ ಹೊರಕಡೆಗೆ ಹೋದಾಗ ರಕ್ತ ಬೀಳುತ್ತಿತ್ತು. ಮೂಲವ್ಯಾಧಿ ಎಂದುಕೊಂಡೆ. ನಾನಿನ್ನೂ ಅದೇ ಪ್ರೆಸ್ಸಿನಲ್ಲಿದ್ದೇನೆ. ಮರಾಠಿ ಲಗ್ನಪತ್ರಿಕೆ, ಪಂಚಾಂಗ, ಔಷಧಿ ಜಾಹೀರಾತು, ಇವುಗಳಿಗೆ ಸೀಸದ ಮೊಳೆ ಒಂದೊಂದಾಗಿ ಎತ್ತಿ ಜೋಡಿಸುವ ಕೆಲಸ. ಬೆಳಗಿನಿಂದ ಸಂಜೆಯ ತನಕ ಮೊಳೆ ಹಿಡಿದು ನಿಲ್ಲುವವನಿಗೆ ಮೊಳೆರೋಗ ಬಾರದೆ ಇನ್ನಾರಿಗೆ ಬಂದೀತು ಎಂದು ನಾನೇ ನಕ್ಕು ಸುಮ್ಮನಿದ್ದೆ.

ನನ್ನನ್ನು ಹಿಡಿದವರು ಉಡುಪಿ ಹೋಟೆಲಿನ ಸದಾನಂದರು. ಎರಡು ಹೊತ್ತೂ ಅಲ್ಲೇ ನನ್ನ ಊಟ. ಈ ಊರಿನಲ್ಲಿ ನಾನು ಕನ್ನಡ ಮಾತಾಡುವುದು ಅವರೊಬ್ಬರ ಹತ್ತಿರ, ಅದೂ ಅವರ ಕನ್ನಡ ನನಗೆ ಅರ್ಧ, ನನ್ನದು ಅವರಿಗೆ ಅರ್ಧ. ಒಂದು ದಿನ ತಟ್ಟೆಯ ಮುಂದೆ ಬಂದು ನಿಂತರು. “ಎಂತ ಮಾರಾಯ್ರೆ, ಒಂದು ತಿಂಗಳಿಂದ ಮಜ್ಜಿಗೆ ಅನ್ನ ಬಿಟ್ಟು ಬೇರೆ ಮುಟ್ಟುದಿಲ್ಲ ನೀವು. ಮುಖ ಸುಣ್ಣ ಬಳಿದ ಹಾಗೆ ಉಂಟು” ಎಂದು, ಗಲ್ಲಾಕ್ಕೆ ಬೇರೆಯವರನ್ನು ಕೂರಿಸಿ, ತಾವೇ ಡಾಕ್ಟರ್ ಹರಿದಾಸರ ಹತ್ತಿರ ಎಳೆದುಕೊಂಡು ಹೋದರು.

ಮೂಲವ್ಯಾಧಿ ಅಲ್ಲ ಎಂದರು ಡಾಕ್ಟರು. ದೊಡ್ಡ ಕರುಳಿನ ಒಳಗೋಡೆಯಲ್ಲಿ ಮೂರು ಗಂಟು ಬೆಳೆದಿದ್ದವು. ಮರಾಠಿಯಲ್ಲಿ ‘ಕೋಂಬ’ ಎಂದರು, ಮೊಳಕೆ. ಇಂಗ್ಲಿಷಿನಲ್ಲಿ ಪಾಲಿಪ್ ಎನ್ನುತ್ತಾರಂತೆ. ಕರೆಂಟಿನ ತಂತಿಯಿಂದ ಸುಟ್ಟು ತೆಗೆದು, ತುಣುಕುಗಳನ್ನು ಬೊಂಬಾಯಿಗೆ ಕಳಿಸಿದರು. ಕ್ಯಾನ್ಸರ್ ಅಲ್ಲವೆಂದು ಅಲ್ಲಿಂದ ಬಂತು. ಆದರೆ ಬಿಟ್ಟಿದ್ದರೆ ಐದು ವರ್ಷಕ್ಕೋ ಹತ್ತು ವರ್ಷಕ್ಕೋ ಅದೇ ಆಗುವ ಜಾತಿ. ತೆಗೆದರೂ ಮತ್ತೆ ಮೊಳೆಯಬಹುದು. ಮೊದಲು ಆರು ತಿಂಗಳಿಗೆ, ಆಮೇಲೆ ವರ್ಷಕ್ಕೊಮ್ಮೆ, ಬದುಕಿರುವ ತನಕ ತೋರಿಸಿಕೊಳ್ಳುತ್ತಿರಬೇಕು ಎಂದಿದ್ದಾರೆ.

ಈಗ ಮುಖ್ಯ ಮಾತು. ನಿಮ್ಮ ತಂದೆ ಯಾವ ರೋಗದಿಂದ ಹೋದರು ಎಂದು ಅವರು ಕೇಳಿದರು. ಗೊತ್ತಿಲ್ಲ ಎಂದೆ. ನಲವತ್ತನಾಲ್ಕು ವರ್ಷದ ಗಂಡಸು, ಅಪ್ಪ ಯಾತರಿಂದ ಸತ್ತ ಎಂದರೆ ಗೊತ್ತಿಲ್ಲ. ಡಾಕ್ಟರು ಪೆನ್ನು ಹಿಡಿದು ಕಾದರು, ನನಗೆ ಬಹಳ ನಾಚಿಕೆಯಾಯಿತು. ಅದನ್ನು ಬಲ್ಲವರು ನೀವೊಬ್ಬರೇ. ಭಾಲ್ಕಿಯಲ್ಲಿ ನಾಲ್ಕು ತಿಂಗಳು ಅಪ್ಪನ ಹಾಸಿಗೆಯ ಹತ್ತಿರ ಇದ್ದವರು ನೀವು. ನೀವು ಕಂಡದ್ದನ್ನು ಬರೆಯಿರಿ. ಇನ್ನೊಂದು, ಇದು ಒಂದೇ ರಕ್ತದಲ್ಲಿ ಹರಿದು ಬರುತ್ತದಂತೆ. ಅಕ್ಕ ಇದ್ದಾರೆ ಎಂದೆ. ಹಾಗಾದರೆ ಅವರೂ ತಡಮಾಡದೆ ತೋರಿಸಿಕೊಳ್ಳಲೇಬೇಕು ಎಂದರು.

ಉತ್ತರ ಬರೆಯಿರಿ. ಬೈದು ಬರೆದರೂ ಆದೀತು.

ನಿಮ್ಮ ತಮ್ಮ,
ಶಿವರಾಯ

*

ಗುಲ್ಮಂಡಿ, ಔರಂಗಾಬಾದ್
೨೯ ಜುಲೈ ೧೯೭೨

ಚಿ. ಶಿವರಾಯನಿಗೆ ಅಕ್ಕನ ಆಶೀರ್ವಾದ.

ನಿನ್ನ ಕಾಗದ ಬಂದು ಮೂರು ವಾರವಾಯಿತು. ಒಲೆಗೆ ಹಾಕಲಿಲ್ಲ, ಹೊಲಿಗೆ ಮಿಷನ್ನಿನ ಡ್ರಾವರಿನಲ್ಲಿಟ್ಟೆ. ದಿನಾ ದಾರ ತೆಗೆಯುವಾಗ ಕೈಗೆ ತಾಗುತ್ತಿತ್ತು.

‘ನೀವು’ ಅಂತ ಬರೆದಿದ್ದೀಯಲ್ಲ. ಯಾರಿಗೆ ಬರೆದೆಯೋ ಅದನ್ನು? ಅವ್ವ ಹೋದಾಗ ನಿನಗೆ ನಾಲ್ಕು ವರ್ಷ, ನನಗೆ ಹತ್ತು. ನಿನ್ನ ಮೂಗು ಒರೆಸಿ, ಗುಂಡಿ ಹಾಕಿ, ಶಾಲೆಗೆ ಕಳಿಸಿದವಳಿಗೆ ‘ನೀವು’. ಓದಿ ಮೈ ಉರಿಯಿತು.

ಕೇಳಿದ್ದಕ್ಕೆ ಹೇಳುತ್ತೇನೆ. ಅಪ್ಪನಿಗೆ ರಕ್ತ ಬೀಳುತ್ತಿತ್ತು. ನಾನು ಹೋಗುವ ಮೊದಲು ಆರು ತಿಂಗಳಿನಿಂದ, ನಾನಿದ್ದಾಗ ನಾಲ್ಕು ತಿಂಗಳು. ಕೊನೆಗೆ ಹೊಟ್ಟೆ ಕಟ್ಟಿಕೊಂಡಿತು, ಎಡಗಡೆ ಕೈ ಇಟ್ಟರೆ ಗಟ್ಟಿ ಗಂಟು ಸಿಗುತ್ತಿತ್ತು. ಹೈದರಾಬಾದಿಗೆ ಒಯ್ಯಿರಿ ಎಂದು ಬೀದರಿನ ಡಾಕ್ಟರು ಹೇಳಿದಾಗ ಅಪ್ಪ ಒಪ್ಪಲಿಲ್ಲ. ಧೋತರ ನಾನೇ ಒಗೆಯುತ್ತಿದ್ದೆ, ಬಾವಿಯ ಹತ್ತಿರ ಅಲ್ಲ, ಹಿತ್ತಲಲ್ಲಿ, ಯಾರೂ ಕಾಣದ ಹಾಗೆ. “ಹುಡುಗಗ ತಿಳಸಬ್ಯಾಡ ನಾಗೂ. ಹೊಸಾ ನೌಕರಿ ಅದ, ಬಿಟ್ಟು ಓಡಿ ಬರ್ತಾನ” ಅಂತ ನನ್ನ ಕೈ ಹಿಡಿದು ಆಣೆ ಹಾಕಿಸಿಕೊಂಡ. ನಾನು ಆಣೆ ಉಳಿಸಿದೆ. ನೀನು ಬಂದಾಗ ಮಣ್ಣು ಆಗಿತ್ತು. ಗುಂಡಿಯ ಮುಂದೆ ನಿಂತು, ಊರ ಜನರೆದುರಿಗೆ ನೀನು ಅಂದದ್ದು ನೆನಪಿದೆಯಲ್ಲ? “ನೀ ಮುಚ್ಚಿಟ್ಟಿ. ಅಪ್ಪಗ ಕೊಂದಾಕಿ ನೀನೇ.”

ನಿಮ್ಮ ಮಾವ ಹೋದಾಗಲೂ ನೀನು ಬರಲಿಲ್ಲ. ಕಾರ್ಡು ಕಳಿಸಿದೆ. ಇರಲಿ. ಇದನ್ನೆಲ್ಲ ನಿನ್ನ ಡಾಕ್ಟರಿಗೆ ಹೇಳು, ಬರೆದುಕೊಳ್ಳಲಿ. ನೀನು ತಪ್ಪದೆ ತೋರಿಸಿಕೊಳ್ಳುತ್ತಿರು.

ನನಗೆ ತೋರಿಸುವುದು ಏನೂ ಇಲ್ಲ. ನೋವಿಲ್ಲ, ರಕ್ತವಿಲ್ಲ. ಬೆಳಿಗ್ಗೆ ಶಾಲೆಗೆ ಹೋಗಿ ನಲವತ್ತು ಹುಡುಗಿಯರಿಗೆ ಹೊಲಿಗೆ ಕಲಿಸುತ್ತೇನೆ, ಸಂಜೆ ಬಂದು ಒಂದೇ ಒಂದು ರೊಟ್ಟಿ ಬಡಿಯುತ್ತೇನೆ. ಐವತ್ತು ವರ್ಷದ ವಿಧವೆ ಗಂಡಸು ಡಾಕ್ಟರ ಮುಂದೆ ಸೀರೆ ಎತ್ತಿ ಮಲಗಬೇಕೆ? ಆ ಮಾತು ಇನ್ನು ಬರೆಯಬೇಡ.

ಇತಿ ನಿನ್ನ ಅಕ್ಕ,
ನಾಗಮ್ಮ

*

ನಾಸಿಕ
೬ ಆಗಸ್ಟ್ ೧೯೭೨

ಅಕ್ಕಾ,

ಸರಿ, ‘ನೀನು’. ಇಷ್ಟು ದಿನ ಆ ಪದ ಬಳಸುವ ಅಧಿಕಾರ ಕಳೆದುಕೊಂಡಿದ್ದೇನೆ ಎಂದುಕೊಂಡಿದ್ದೆ.

ನೀನು ಬರೆದದ್ದನ್ನು ಮರಾಠಿಗೆ ತಿರುಗಿಸಿ ಡಾಕ್ಟರ್ ಹರಿದಾಸರಿಗೆ ಓದಿ ಹೇಳಿದೆ. ‘ಎಡಗಡೆ ಗಟ್ಟಿ ಗಂಟು’ ಎಂಬಲ್ಲಿ ಅವರು ತಲೆಯಾಡಿಸಿದರು. ಅಪ್ಪನದು ಅದೇ ರೋಗ, ಮೊಳಕೆ ಬಲಿತು ಆದದ್ದು. ಅಕ್ಕ ತೋರಿಸಿಕೊಂಡರೇ ಎಂದು ಮತ್ತೆ ಕೇಳಿದರು. ನೋವಿಲ್ಲ, ರಕ್ತವಿಲ್ಲ ಎನ್ನುತ್ತಾಳೆ ಎಂದೆ. ಬಹಳ ಜನರಿಗೆ ಏನೂ ಕಾಣಿಸುವುದೇ ಇಲ್ಲ, ಕಾಣಿಸುವ ಹೊತ್ತಿಗೆ ನಮ್ಮ ಕೈಯಲ್ಲಿ ಹೆಚ್ಚು ಉಳಿದಿರುವುದಿಲ್ಲ ಎಂದರು.

ಆ ದಿನದ ಮಾತು ನೆನಪಿದೆ. ಆಡಬಾರದಿತ್ತು. ಅಪ್ಪ ಹತ್ತು ತಿಂಗಳು ಮುಚ್ಚಿಟ್ಟ, ನಾನು ಎರಡು ವರ್ಷ ಮುಚ್ಚಿಟ್ಟೆ. ನನಗೆ ಯಾರೂ ಆಣೆ ಹಾಕಿಸಿರಲಿಲ್ಲ. ರಕ್ತ ಕಂಡ ಮೊದಲ ದಿನ ಹೇಳೋಣವೆಂದರೆ ಮನೆಯಲ್ಲಿ ಯಾರೂ ಇರಲಿಲ್ಲ, ಅಷ್ಟೆ.

ಪರೀಕ್ಷೆ ಹೇಗೆ ಎಂದು ಹೇಳಿಬಿಡುತ್ತೇನೆ, ಆಗ ಹೆದರಿಕೆ ಅರ್ಧ ಇಳಿಯುತ್ತದೆ. ಹಿಂದಿನ ದಿನ ಗಂಜಿ ಬಿಟ್ಟು ಏನೂ ಇಲ್ಲ. ಔಡಲೆಣ್ಣೆ ಕುಡಿಸುತ್ತಾರೆ, ಬೆಳಿಗ್ಗೆ ಎನಿಮಾ. ಆಮೇಲೆ ಮೊಣಕಾಲ ಮೇಲೆ ಬಗ್ಗಿಸಿ, ಗೇಣಿಗಿಂತ ಚೂರು ಉದ್ದದ ಉಕ್ಕಿನ ಕೊಳವೆ ಹಾಕುತ್ತಾರೆ, ಅದರ ತುದಿಗೆ ದೀಪ. ನಾಚಿಕೆಯಾಗುತ್ತದೆ, ಸುಳ್ಳು ಹೇಳುವುದಿಲ್ಲ. ನೋವು ಮಾತ್ರ ನೀನು ನನ್ನ ಕಿವಿ ಹಿಂಡುತ್ತಿದ್ದುದಕ್ಕಿಂತ ಕಡಿಮೆ. ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಕೊಳವೆ ಮುಟ್ಟದಷ್ಟು ಮೇಲಿನದನ್ನು ಬಿಳಿ ಔಷಧಿ ತುಂಬಿಸಿ ಎಕ್ಸ್‌ರೇಯಲ್ಲಿ ನೋಡುತ್ತಾರೆ. ಹೊರಗೆ ಬಂದಾಗ ಸದಾನಂದರು ಬೆಂಚಿನ ಮೇಲೆ ಕೂತು ತೂಕಡಿಸುತ್ತಿದ್ದರು. ಎದ್ದು ಚಪ್ಪಲಿ ಹಾಕಿಕೊಂಡು, ಕಾಫಿ ಕುಡಿಯುವಾ ಎಂದರು.

ನಿನ್ನ ಪಕ್ಕದ ಮನೆಯಲ್ಲಿ ಸುಶೀಲಾಬಾಯಿ ಇದ್ದಾರಲ್ಲ, ಅವರನ್ನು ಕರೆದುಕೊಂಡು ಹೋಗು. ನಮ್ಮಲ್ಲಿ ದೀಪಾವಳಿ ವಿಶೇಷಾಂಕಗಳು, ಕ್ಯಾಲೆಂಡರು ಎಲ್ಲ ಒಟ್ಟಿಗೆ ಬಂದು ಬಿದ್ದಿವೆ, ರಜೆ ಎಂದರೆ ಮ್ಯಾನೇಜರು ಮುಖ ತಿರುಗಿಸುತ್ತಾನೆ.

ಹೋಗು ಅಕ್ಕಾ. ಅಪ್ಪನಿಗೆ ಗೊತ್ತಿರಲಿಲ್ಲ, ನಮಗೆ ಗೊತ್ತಿದೆ.

ನಿನ್ನ
ಶಿವರಾಯ

*

ಔರಂಗಾಬಾದ್
೧೫ ಡಿಸೆಂಬರ್ ೧೯೭೨

ಚಿ. ಶಿವರಾಯನಿಗೆ ಆಶೀರ್ವಾದ.

ನಾಲ್ಕು ಕಾಗದ ಬರೆದು ಪ್ರಾಣ ತಿಂದೆ. ಕೊನೆಗೆ ನವೆಂಬರ್ ೧೪ಕ್ಕೆ ಹೋಗಿ ಬಂದೆ. ಶಾಲೆಯ ಹುಡುಗಿಯರನ್ನು ದೌಲತಾಬಾದಿನ ಕೋಟೆಗೆ ಕರೆದೊಯ್ಯುವ ದಿನವಿತ್ತು. ಮೈಗೆ ಹುಷಾರಿಲ್ಲವೆಂದು ಅದನ್ನು ತಪ್ಪಿಸಿ ದವಾಖಾನೆಗೆ ಹೋದೆ.

ಎರಡು ಇದ್ದವು. ತೆಗೆದರು. ನೀನು ಹೇಳಿದ ಹಾಗೆಯೇ ಕೊಳವೆ, ದೀಪ. ಬೊಂಬಾಯಿಯ ರಿಪೋರ್ಟು ಬಂದಿದೆ, ನಿನ್ನದೇ ಜಾತಿಯವಂತೆ. ಚೀಟಿಯ ಕೆಳಗೆ ಒಂದು ಪದ ಬರೆದುಕೊಟ್ಟಿದ್ದಾರೆ. ಭಾಲ್ಕಿಯ ಶಾಲೆಯಲ್ಲಿ ನಾನು ಕಲಿತದ್ದು ಕನ್ನಡ, ಉರ್ದು. ಮರಾಠಿ ನಾಲಿಗೆಗೆ ಬರುತ್ತದೆ, ಕಣ್ಣಿಗೆ ಬರುವುದಿಲ್ಲ, ಇಂದಿಗೂ ಅಕ್ಷರ ಕೂಡಿಸಿಯೇ ಓದಬೇಕು. ಆದರೂ ಇಷ್ಟು ಓದಿದೆ: ‘ಬರಾ’. ಅಂದರೆ ಗುಣವಾಯಿತು ಎಂದಲ್ಲವೇ? ಆಯಿತು, ಮುಗಿಯಿತು. ಇನ್ನು ಈ ಸುದ್ದಿ ಬೇಡ.

ಚಳಿ ಬಹಳ. ನಿನ್ನ ಹತ್ತಿರ ಸ್ವೆಟರ್ ಇದೆಯೋ ಇಲ್ಲವೋ ಬರೆ.

ಇತಿ,
ನಾಗಮ್ಮ

*

ನಾಸಿಕ
೧೬ ಜನವರಿ ೧೯೭೩

ಅಕ್ಕಾ,

ನಿನ್ನ ‘ಬರಾ’ ಓದಿ ಹೋಟೆಲಿನಲ್ಲಿ ಎಲ್ಲರಿಗೂ ನನ್ನ ಲೆಕ್ಕದಲ್ಲಿ ಶೀರಾ ಕೊಡಿಸಿದೆ. ಯಾತಕ್ಕೆ ಎಂದು ಕೇಳಿದರೆ ಅಕ್ಕ ಪಾಸಾದಳು ಎಂದೆ.

ನಾನು ಆರನೆಯ ತಿಂಗಳ ಪರೀಕ್ಷೆಗೆ ಹೋಗಿದ್ದೆ. ಮತ್ತೊಂದು ಸಣ್ಣದು, ಜೋಳದ ಕಾಳಿನಷ್ಟು, ಹೊಸದಾಗಿ ಬಂದಿತ್ತು. ತೆಗೆದರು. ನೋಡು, ತಪ್ಪಿಸಿದ್ದರೆ ಏನಾಗುತ್ತಿತ್ತು ಎಂದು ಡಾಕ್ಟರು ಬೆರಳು ತೋರಿಸಿ ಬೈದರು. ಇನ್ನು ಜುಲೈಗೆ, ಆಮೇಲೆ ಪ್ರತಿ ಜುಲೈಗೆ. ನಿಜ ಹೇಳಲೇ? ಸ್ವಲ್ಪ ಹೊಟ್ಟೆಕಿಚ್ಚಾಯಿತು. ನಿನಗೆ ಒಂದೇ ಸಲಕ್ಕೆ ಗುಣ, ನನಗೆ ಬದುಕಿರುವ ತನಕ. ಚಿಕ್ಕಂದಿನಿಂದಲೂ ನೀನು ಎಲ್ಲ ಕೆಲಸ ಬೇಗ ಮುಗಿಸುವವಳು.

ಸಂಕ್ರಾಂತಿಗೆ ಪ್ರೆಸ್ಸಿನವರೆಲ್ಲ ಮನೆಗೆ ಹೋದರು. ನಾನು ಗೋದಾವರಿಯ ಮೆಟ್ಟಿಲ ಮೇಲೆ ಮಧ್ಯಾಹ್ನ ತನಕ ಕೂತಿದ್ದು ಬಂದೆ. ಎಳ್ಳುಬೆಲ್ಲ ಕೊಡಲು ಕೈಯಲ್ಲಿ ಪೊಟ್ಟಣವಿತ್ತು. ಯಾರಿಗೂ ಕೊಡದೆ ನಾನೇ ತಿಂದೆ. ಈ ನೀರು ನಿಮ್ಮ ಪೈಠಣದ ಕಡೆಗೇ ಹರಿಯುತ್ತದೆ ಎಂದು ಅಲ್ಲಿ ಕೂತಾಗ ನೆನಪಾಯಿತು.

ಸ್ವೆಟರ್ ಇಲ್ಲ. ಬೇಕಾಗಿಯೂ ಇಲ್ಲ.

ನಿನ್ನ
ಶಿವರಾಯ

*

ನಾಸಿಕ
೧೯ ಫೆಬ್ರವರಿ ೧೯೭೪

ಅಕ್ಕಾ,

ಈ ಕಾಗದ ಕೈಗೆ ಬಂದ ಕೂಡಲೇ ಆ ದವಾಖಾನೆಯ ಚೀಟಿ ಹುಡುಕು. ಬೇರೆ ಕೆಲಸ ಬಿಡು.

ನಿನ್ನೆ ಒಂದು ಔಷಧಿಯ ಜಾಹೀರಾತಿಗೆ ಮೊಳೆ ಜೋಡಿಸುತ್ತಿದ್ದೆ. ಸರೋಜಿನಿ ಎಂಬ ಹೆಸರಿನ ಒಬ್ಬ ಹೆಂಗಸು ತನಗೆ ವಾಸಿಯಾಯಿತೆಂದು ಹೇಳುವ ಸಾಲು: ‘ಮೀ ಬರೀ ಝಾಲೇ’. ‘ಬರೀ’ ಜೋಡಿಸಿ ಮುಂದಿನ ಮೊಳೆಗೆ ಕೈ ಹಾಕಿದವನು ಹಾಗೆಯೇ ನಿಂತೆ. ಮರಾಠಿಯಲ್ಲಿ ಗಂಡಸು ಗುಣವಾದರೆ ‘ಬರಾ’, ಹೆಂಗಸಾದರೆ ‘ಬರೀ’. ನಿನ್ನ ಚೀಟಿಯ ಮೇಲೆ ‘ಬರಾ’ ಎಂದು ಯಾರು ಬರೆದಾರು? ಮರಾಠಿಯವರು ಆ ತಪ್ಪು ನಿದ್ದೆಯಲ್ಲೂ ಮಾಡುವುದಿಲ್ಲ. ಮಾಡುವವರು ನಾವು.

ಅದು ‘ಬಾರಾ’ ಇರಬೇಕು. ಹನ್ನೆರಡು. ಹನ್ನೆರಡು ತಿಂಗಳಿಗೆ ಮತ್ತೆ ಬಾ ಎಂದು. ‘ಬ’ದ ಪಕ್ಕದ ಉದ್ದನೆಯ ಗೆರೆಗೆ ಇಲ್ಲಿ ‘ಕಾನಾ’ ಎನ್ನುತ್ತಾರೆ. ನಮ್ಮಲ್ಲಿ ಅದಕ್ಕೆ ಬೇರೆಯೇ ಮೊಳೆ, ತೆಳ್ಳಗಿನದು, ಎತ್ತುವಾಗ ಜಾರಿ ಬೀಳುವುದೇ ಹೆಚ್ಚು. ಪ್ರೂಫಿನಲ್ಲಿ ಬಿದ್ದ ಕಾನಾ ಹಿಡಿಯುವುದಕ್ಕೆ ನನಗೆ ಸಂಬಳ ಕೊಡುತ್ತಾರೆ. ಊರವರ ಲಗ್ನಪತ್ರಿಕೆಯಲ್ಲಿ ಹಿಡಿಯುವವನು ನನ್ನ ಅಕ್ಕನ ಚೀಟಿಯಲ್ಲಿ ಹಿಡಿಯಲಿಲ್ಲ. ಒಂದೇ ಜಾತಿಯ ಗಂಟು, ನನಗೆ ಜೀವನಪೂರ್ತಿ ಪರೀಕ್ಷೆ, ನಿನಗೆ ಒಂದೇ ಸಲಕ್ಕೆ ಗುಣ ಎಂದರೆ ಆವಾಗಲೇ ಅನುಮಾನ ಬರಬೇಕಿತ್ತು. ಶೀರಾ ತಿಂದು ಕೂತೆ.

ನಿನ್ನ ಹನ್ನೆರಡು ತಿಂಗಳು ಮುಗಿದು ಮೂರು ತಿಂಗಳಾಯಿತು. ಈಗಲೇ ಹೋಗು. ನಿನ್ನ ತಪ್ಪಲ್ಲ, ಓದುವಾಗ ಯಾರಿಗೂ ಆಗುತ್ತದೆ. ಹೋಗಿ ಬಂದು ಬರೆ.

ಶಿವರಾಯ

*

ನಾಸಿಕ
೧೧ ಮಾರ್ಚ್ ೧೯೭೪

ಅಕ್ಕಾ,

ಇಪ್ಪತ್ತು ದಿನವಾಯಿತು. ಅಂಚೆಯವನು ನನ್ನನ್ನು ಕಂಡರೆ ದೂರದಿಂದಲೇ ಕೈಯಾಡಿಸಿ ಇಲ್ಲ ಎನ್ನುತ್ತಾನೆ. ಹೋದೆಯಾ? ಒಂದು ಪದ ಬರೆ. ಹೌದು ಅಥವಾ ಇಲ್ಲ.

ನನಗೆ ಭಯವಾಗುತ್ತಿದೆ.

ಶಿವರಾಯ

*

ಔರಂಗಾಬಾದ್
೧೬ ಮಾರ್ಚ್ ೧೯೭೪

ತಮ್ಮಾ,

ಇಲ್ಲ. ಹೋಗಲಿಲ್ಲ.

ಚೀಟಿ ಈ ಲಕೋಟೆಯಲ್ಲೇ ಇಟ್ಟಿದ್ದೇನೆ. ಬಿಡಿಸಿ ನೋಡು. ಕೆಳಗಿನ ಸಾಲು ‘ಪುನ್ಹಾ ತಪಾಸಣೀ, ಮಹಿನೇ’, ಮತ್ತೆ ಪರೀಕ್ಷೆ, ಇಷ್ಟು ತಿಂಗಳಿಗೆ. ಅದರ ಮುಂದೆ ಆ ಪದ. ಕಾನಾ ಬಿದ್ದಿಲ್ಲ. ಮಡಿಕೆಯ ಮೇಲೆಯೇ ಇದೆ, ಸವೆದಿದೆ, ಆದರೂ ಇದೆ. ನನಗೆ ಅದು ಮೊದಲ ದಿನವೇ ಕಂಡಿತ್ತು. ಡಾಕ್ಟರು ಬಾಯಿಬಿಟ್ಟೂ ಹೇಳಿದ್ದರು, ಬಾಈ, ಬಾರಾ ಮಹಿನೇ, ವಿಸರೂ ನಕಾ, ಮರೆಯಬೇಡಿ ಎಂದು. ಮನೆಗೆ ಬಂದು ಸರಿಯಾಗಿ ಆ ಗೆರೆಯ ಮೇಲೆ ಚೀಟಿ ಮಡಿಚಿದೆ, ಉಗುರಿನಿಂದ ತೀಡಿದೆ. ಎಲ್ಲಿ ಮಡಿಚಿದರೆ ಏನು ಮುಚ್ಚುತ್ತದೆ ಎಂದು ಹೊಲಿಗೆಯವಳಿಗೆ ಹೇಳಿಕೊಡಬೇಕೆ? ಆಮೇಲೆ ನಿನಗೆ ‘ಬರಾ’ ಅಂತ ಬರೆದೆ. ಓದು ಬರದವಳು ಎಂದರೆ ನೀನು ನಂಬುತ್ತೀ ಎಂದು ಗೊತ್ತಿತ್ತು. ‘ಬರೀ’ ಎನ್ನಬೇಕೆಂಬುದು ಮಾತ್ರ ಹೊಳೆಯಲಿಲ್ಲ. ಕಳ್ಳಿ ಸಿಕ್ಕಿಬಿದ್ದದ್ದು ಹೀಗೆ.

ಯಾಕೆ ಎಂದು ಕೇಳುತ್ತೀ. ಕೊಳವೆಯ ಹೆದರಿಕೆಯಿಂದ ಅಲ್ಲ. ಹೆಸರು ಬರೆಸುವಲ್ಲಿ ಕ್ಲಾರ್ಕ್ ಕೇಳಿದ, “ಸೋಬತ್ ಕೋಣ್?” ಜೊತೆಗೆ ಯಾರಿದ್ದಾರೆ ಎಂದು. ಅದಕ್ಕೊಂದು ಜಾಗವೇ ಇದೆ ಫಾರಮ್ಮಿನಲ್ಲಿ. ಸುಶೀಲಾಬಾಯಿಗೆ ನಾನು ಹೇಳಿರಲಿಲ್ಲ. ಹೇಗೆ ಹೇಳಲಿ, ಎಲ್ಲಿಗೆ ಹೋಗುತ್ತಿದ್ದೇನೆ, ಏನು ತೋರಿಸಲು ಎಂದು? ನನ್ನ ಹಿಂದೆ ಸಾಲು ನಿಂತಿತ್ತು, ಎಲ್ಲರ ಜೊತೆಗೂ ಒಬ್ಬೊಬ್ಬರು. ಭಾವೂ ಆಹೇ, ತಮ್ಮ ಇದ್ದಾನೆ, ಹೊರಗೆ ಕೂತಿದ್ದಾನೆ ಎಂದೆ. ಅವನು ನಿನ್ನ ಹೆಸರು ಕೇಳಿ ಬರೆದುಕೊಂಡ.

ಮೇಜಿನ ಮೇಲೆ ಮಲಗಿಸಿದ ಮೇಲೆ, ಗಂಟು ತೆಗೆಯಲು ಒಪ್ಪಿಗೆ ಬೇಕೆಂದು ನರ್ಸು ಕಾಗದ ಹಿಡಿದು ಹೊರಗೆ ಹೋದಳು. ಬಾಗಿಲು ಅರ್ಧ ತೆರೆದಿತ್ತು. “ಶಿವರಾಯ ಕೋಣ್? ನಾಗಮ್ಮಾಬಾಯೀಂಚೇ ಭಾವೂ ಕೋಣ್?” ಎಂದು ಕೂಗಿದಳು. ಮತ್ತೆ ಕೂಗಿದಳು. ಪಡಸಾಲೆಯ ಆಚೆ ತುದಿಗೂ ಹೋಗಿ ಕೂಗಿದಳು. ನಾನು ಮೊಣಕಾಲ ಮೇಲೆ ಬಗ್ಗಿ, ಮುಖ ದಿಂಬಿಗೆ ಒತ್ತಿಕೊಂಡು ಅದನ್ನು ಕೇಳುತ್ತಿದ್ದೆ. ಸುಳ್ಳೆಂದು ನನಗೆ ಗೊತ್ತಿತ್ತು, ಆದರೂ ಯಾರಾದರೂ ಓ ಎನ್ನುತ್ತಾರೇನೋ ಎಂದು ಕಿವಿ ಕೊಟ್ಟಿದ್ದೆ. ನರ್ಸು ಒಳಗೆ ಬಂದಳು. ಚಾದರ ಎಳೆದು ನನ್ನ ಸೊಂಟ ಮುಚ್ಚಿ, ನನ್ನ ಹೆಬ್ಬೆಟ್ಟು ಹಿಡಿದು ಕಾಗದಕ್ಕೆ ಒತ್ತಿಸಿದಳು. ಸಹಿ ಮಾಡಲು ನನಗೆ ಬರುತ್ತಿತ್ತು.

ಅದೇ ಚೀಟಿ ಕೈಗೆ ಬಂದಾಗ ‘ಬಾರಾ’ ಎಂದು ನೋಡಿದೆ. ಮರಾಠಿಯಲ್ಲಿ ಹನ್ನೆರಡು. ಕನ್ನಡದಲ್ಲಿ ಓದಿದರೆ ‘ಬಾರ’, ಅವನು ಬರುವುದಿಲ್ಲ ಎಂದು. ನನಗೆ ಮೊದಲು ತಿಳಿದ ಅರ್ಥ ಅದು.

ನೀನು ಕಾಗದದ ಮೇಲೆ ಕಾಗದ ಹಾಕಿದೆ. ಹೋಗು ಅಂದೆ, ತೋರಿಸಿಕೋ ಅಂದೆ, ಸುಶೀಲಾಬಾಯಿಯನ್ನು ಕರೆದುಕೋ ಅಂದೆ. ನಾನು ಬರುತ್ತೇನೆ ಎಂದು ಒಂದು ಸಲ ಬರೆಯಲಿಲ್ಲ. ನಾನೂ ಬಾ ಎನ್ನಲಿಲ್ಲ. ಕೊಂದವಳು ಎಂದವನನ್ನು ಹೇಗೆ ಕರೆಯಲಿ?

ಇನ್ನೊಂದು ಹೇಳಬೇಕು. ಜನವರಿಯಿಂದ ನನಗೆ ರಕ್ತ ಬೀಳುತ್ತಿದೆ. ಸೀರೆ ಹಿತ್ತಲಲ್ಲೇ ಒಗೆಯುತ್ತಿದ್ದೇನೆ.

ನಾಗಮ್ಮ

*

ನಾಸಿಕ
೨೦ ಮಾರ್ಚ್ ೧೯೭೪

ಅಕ್ಕಾ,

೨೩ರ ಬೆಳಗಿನ ಎಸ್.ಟಿ. ಬಸ್ಸಿಗೆ ಹೊರಡುತ್ತೇನೆ. ೨೫ಕ್ಕೆ ದವಾಖಾನೆ. ಲಗ್ನದ ಸುಗ್ಗಿಯ ಹೊತ್ತಿಗೆ ರಜೆಯೇ ಎಂದು ಮ್ಯಾನೇಜರು ಹಾರಾಡಿದ. ಮೊಳೆ ತುಂಬಿದ ಜೋಡಣೆಯ ಸ್ಟಿಕ್ಕು ಅವನ ಮೇಜಿನ ಮೇಲೆ ಇಟ್ಟು, ನೀವೇ ಜೋಡಿಸಿರಿ ಎಂದು ಬಂದೆ. ಸದಾನಂದರು ನಿನಗೆಂದು ಮೆಣಸಿನ ಸಾರಿನ ಪುಡಿ ಕಟ್ಟಿಕೊಟ್ಟಿದ್ದಾರೆ.

ನಾನು ಬರುತ್ತೇನೆ ಎಂದು ಬರೆಯಲಿಲ್ಲ, ನಿಜ. ನೀನೇ ಕರೆಯಲಿ ಎಂದು ಕಾದೆ. ಕರೆದರೆ ನನ್ನನ್ನು ಕ್ಷಮಿಸಿದ್ದೀ ಎಂದು ತಿಳಿಯಬಹುದು ಎಂಬ ಆಸೆ. ಎಂಥ ಮೂರ್ಖ ನೋಡು.

ಪ್ರೂಫಿನಲ್ಲಿ ತಪ್ಪು ಕಂಡರೆ ಅಡ್ಡಗೆರೆ ಎಳೆದು, ಅಂಚಿನಲ್ಲಿ ಸರಿಯಾದದ್ದು ಬರೆಯುತ್ತೇವೆ. ಅಪ್ಪನ ಗುಂಡಿಯ ಮುಂದೆ ಆಡಿದ ಮಾತಿಗೆ ಅಂಚಿನಲ್ಲಿ ಏನು ಬರೆಯಬೇಕೆಂದು ಹದಿಮೂರು ವರ್ಷ ತಿಳಿದಿರಲಿಲ್ಲ. ಈಗ ಬರೆಯುತ್ತೇನೆ. ನೀನು ಕೊಂದವಳಲ್ಲ. ಅಪ್ಪನ ಸೋಬತ್ ಇದ್ದವಳು ನೀನೊಬ್ಬಳೇ. ನಾನು ಇರಲಿಲ್ಲ.

ಗಂಜಿ ಕುಡಿ. ಉಳ್ಳಾಗಡ್ಡಿ ತಿನ್ನಬೇಡ.

ನಿನ್ನ ತಮ್ಮ,
ಶಿವರಾಯ

*

ಔರಂಗಾಬಾದ್
೧೨ ಜೂನ್ ೧೯೭೪

ಚಿ. ಶಿವರಾಯನಿಗೆ ಅಕ್ಕನ ಆಶೀರ್ವಾದ.

ಬೊಂಬಾಯಿಯ ರಿಪೋರ್ಟನ್ನು ಡಾಕ್ಟರು ಎರಡನೆಯ ಸಲ ತರಿಸಿದ್ದರು, ಅದಕ್ಕೆ ತಡ. ಮಾರ್ಚಿನಲ್ಲಿ ತೆಗೆದ ನಾಲ್ಕು ಗಂಟುಗಳಲ್ಲಿ ಮೂರು ಹಳೆಯ ಜಾತಿಯವೇ. ದೊಡ್ಡದರ ತಲೆಯಲ್ಲಿ ಕೆಟ್ಟದ್ದು ಶುರುವಾಗಿತ್ತಂತೆ. ಬುಡ ಚೊಕ್ಕಟವಾಗಿದೆ, ಕರುಳಿಗೆ ಇಳಿದಿಲ್ಲ, ಹೊಟ್ಟೆ ಕೊಯ್ಯುವುದು ಬೇಡ ಎಂದರು. ಇನ್ನೊಂದು ವರ್ಷ ಚೀಟಿ ಮಡಿಚಿಟ್ಟಿದ್ದರೆ ಈ ಮಾತು ಹೇಳಲು ಆಗುತ್ತಿರಲಿಲ್ಲ ಎಂದೂ ಹೇಳಿದರು. ಮುಂದಿನ ಪರೀಕ್ಷೆ ಸೆಪ್ಟೆಂಬರಿಗೆ. ಈ ಸಲ ತಿಂಗಳನ್ನು ಕನ್ನಡದಲ್ಲಿ ನಾನೇ ಬರೆದುಕೊಂಡಿದ್ದೇನೆ, ಚೀಟಿಯನ್ನು ಮಡಿಚದೆ ಗೋಡೆಗೆ ಹಚ್ಚಿದ್ದೇನೆ. ಸುಶೀಲಾಬಾಯಿ ಏನದು ಎಂದಳು. ಹೇಳಿದೆ. ಅವಳ ಅವ್ವನಿಗೂ ರಕ್ತ ಬೀಳುತ್ತಿತ್ತಂತೆ. ಸುಶೀಲಾಬಾಯಿಯೂ ಇದುವರೆಗೆ ಯಾರಿಗೂ ಹೇಳಿರಲಿಲ್ಲ.

ನೀನು ಹೋದ ಮೇಲೆ ಮನೆ ಮೊದಲಿಗಿಂತ ಬಿಕೋ ಅನ್ನುತ್ತದೆ. ಹನ್ನೆರಡು ದಿನ ಎರಡೆರಡು ರೊಟ್ಟಿ ಹೆಚ್ಚಿಗೆ ಬಡಿದ ಕೈ, ಈಗಲೂ ಹಿಟ್ಟು ಜಾಸ್ತಿ ಕಲಸುತ್ತದೆ. ಅವತ್ತು ಕ್ಲಾರ್ಕ್ ಸೋಬತ್ ಕೋಣ್ ಎಂದಾಗ ನೀನು ಎಷ್ಟು ಜೋರಾಗಿ “ಮೀ! ಶಿವರಾಯ!”, ನಾನು ಎಂದು ಕೂಗಿದೆ ಎಂದರೆ, ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ನನಗೆ ನಾಚಿಕೆಯಾಗಿ ನಿನ್ನನ್ನು ಚಿವುಟಿದೆ. ಒಳಗೆ ಹೋದ ಮೇಲೆ ಅತ್ತೆ. ನೋವಿಗೆ ಎಂದುಕೊಂಡು ನರ್ಸು ಕೈ ಹಿಡಿದಳು.

ಈಗ ನಿನ್ನ ವಿಷಯ. ನಿನ್ನ ತಾರೀಖು ಜುಲೈ ೫. ಪ್ರತಿ ಸಲವೂ ಪಾಪ ಆ ಸದಾನಂದ ಅವರು ಹೋಟೆಲು ಬಿಟ್ಟು ಬಂದು ಕೂತರು. ಅವರಿಗೆ ಹೇಳು, ಈ ಸಲ ಬೇಡ. ನಾನು ೩ಕ್ಕೆ ಹೊರಟು ಮನಮಾಡಿನಲ್ಲಿ ರೈಲು ಬದಲಿಸಿ ಬರುತ್ತೇನೆ. ಸ್ವೆಟರ್ ಮುಗಿದಿದೆ, ತೋಳು ಉದ್ದವಾದರೆ ಅಲ್ಲೇ ಬಿಚ್ಚಿ ಸರಿಮಾಡುತ್ತೇನೆ.

ಅಲ್ಲಿಯೂ ಕೇಳುತ್ತಾರಲ್ಲ, ಸೋಬತ್ ಕೋಣ್ ಎಂದು. ನೀನು ಕೂಗಬೇಡ. ಬಾಗಿಲ ಕಡೆ ಕೈ ತೋರಿಸು ಸಾಕು, ಬೆಂಚಿನ ಮೇಲೆ ಕೂತಿರುತ್ತೇನೆ.

ಇತಿ ನಿನ್ನ ಅಕ್ಕ,
ನಾಗಮ್ಮ